ಹೊಸ ಪಾಲಿಕೆಯ ಮೊದಲ ಕೆಲಸ ಯಾವುದು?

ಪ್ರಶ್ನೆ: ವರ್ತೂರಿನ ಅಂಚಿನ ಒಂದು ಬಡಾವಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇವೆ. ಈಗ ನಮ್ಮ ಪ್ರದೇಶ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಕಚೇರಿಯ ಫಲಕ ಬದಲಾಗಿದೆ, ಆದರೆ ನಮ್ಮ ಬೀದಿಯ ಎಂಟು ದೀಪಗಳಲ್ಲಿ ಐದು ಉರಿಯುವುದಿಲ್ಲ. ಚರಂಡಿ ಅರ್ಧಕ್ಕೆ ನಿಂತಿದೆ. ಕಸದ ಆಟೋ ಒಂದು ದಿನ ಬಂದರೆ ಎರಡು ದಿನ ಬರುವುದಿಲ್ಲ. ವಿಚಾರಿಸಿದರೆ ‘ಹೊಸ ಪಾಲಿಕೆ, ಸ್ವಲ್ಪ ಕಾಲ ಬೇಕು’ ಎನ್ನುತ್ತಾರೆ. ಹೊಸದಾಗಿ ರಚನೆಯಾದ ನಗರ ಪಾಲಿಕೆ ತನ್ನ ಮೂಲ ಸೇವೆಗಳನ್ನು ಯಾವ ಕ್ರಮದಲ್ಲಿ ಕಟ್ಟಿಕೊಳ್ಳಬೇಕು? ಎಷ್ಟು ಕಾಲ ಕಾಯುವುದು ನ್ಯಾಯ, ಎಲ್ಲಿಂದ ಮುಂದೆ ಅದು ನೆಪ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯವಾದುದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ. ಕಸ ಎತ್ತುವುದು, ಬೀದಿದೀಪ ಉರಿಸುವುದು, ಕಟ್ಟಿಕೊಂಡ ಚರಂಡಿ ಬಿಡಿಸುವುದು, ಜನನ ಮರಣ ನೋಂದಣಿ ಮಾಡುವುದು, ಇವು ಒಂದು ದಿನವೂ ನಿಲ್ಲಬಾರದ ಕೆಲಸಗಳು. ಇವಕ್ಕೆ ‘ಕಾಲ ಬೇಕು’ ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ, ಏಕೆಂದರೆ ಪಾಲಿಕೆ ಹೊಸದಾದರೂ ಕೆಲಸ ಮಾಡುವ ಪೌರಕಾರ್ಮಿಕರು, ಗಾಡಿಗಳು, ಗುತ್ತಿಗೆಗಳು, ಇಂಜಿನಿಯರುಗಳು ಎಲ್ಲ ಹಳೆಯವೇ. ಅರ್ಧಕ್ಕೆ ನಿಂತ ಚರಂಡಿಯನ್ನು ಪೂರ್ತಿಗೊಳಿಸಲು ಒಂದು ಬಜೆಟ್ ವರ್ಷ ಬೇಕು ಎಂದರೆ ಆ ಮಾತಿನಲ್ಲಿ ನ್ಯಾಯವಿದೆ. ಕುಡಿಯುವ ನೀರು, ಒಳಚರಂಡಿ, ಮಳೆನೀರು ಹರಿಯುವ ದೊಡ್ಡ ರಾಜಕಾಲುವೆ ಇವು ಹಲವು ವರ್ಷಗಳ ಕೆಲಸ, ಮತ್ತು ಇವು ನಿಮ್ಮ ಪಾಲಿಕೆಯೊಂದರ ಕೈಯಲ್ಲಿ ಇಲ್ಲ. ಇವೆಲ್ಲಕ್ಕೂ ಮೊದಲು ಆಗಬೇಕಾದ ಇನ್ನೊಂದು ಕೆಲಸವಿದೆ. ಅದಕ್ಕೆ ಶಂಕುಸ್ಥಾಪನೆಯಿಲ್ಲ, ಉದ್ಘಾಟನೆಯಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಸಂಸ್ಥೆಯಿಂದ ಬಂದ ದಾಖಲೆಗಳನ್ನು ಒಂದೊಂದಾಗಿ ತೆರೆದು, ಬೀದಿಗೆ ಹೋಗಿ ತಾಳೆ ನೋಡಿ, ಪ್ರತಿ ದೀಪಕ್ಕೆ, ಪ್ರತಿ ಮೋರಿಗೆ, ಪ್ರತಿ ಕಸದ ದಾರಿಗೆ ಹೊಣೆಗಾರರ ಹೆಸರು ಬರೆಯುವ ಕೆಲಸ ಅದು. ನಗರಾಡಳಿತದಲ್ಲಿ ಕಳೆದ ಮೂರು ದಶಕಗಳಲ್ಲಿ ನಾನು ಕಂಡಂತೆ, ಹೊಸ ಪಾಲಿಕೆ ನಿಲ್ಲುವುದೂ ಮುಗ್ಗರಿಸುವುದೂ ಇದರಲ್ಲಿಯೇ.

ಈಗ ಆಗಿರುವ ಬದಲಾವಣೆಯನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಇವುಗಳ ಮೇಲೆ, ಮುಖ್ಯಮಂತ್ರಿಯವರ ಅಧ್ಯಕ್ಷತೆಯಲ್ಲಿ, ಯೋಜನೆ ಮತ್ತು ಸಮನ್ವಯಕ್ಕಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಮೊದಲಿದ್ದ 198 ವಾರ್ಡ್‌ಗಳ ಬದಲು ಈಗ ಒಟ್ಟು 369 ವಾರ್ಡ್‌ಗಳಾಗಿವೆ. ಅವುಗಳಲ್ಲಿ ಪಶ್ಚಿಮಕ್ಕೆ 112 ಸೇರಿದ್ದರೆ ನಿಮ್ಮ ಪೂರ್ವಕ್ಕೆ ಸೇರಿದ್ದು 50 ಮಾತ್ರ. ವಾರ್ಡ್ ಚಿಕ್ಕದಾದಷ್ಟೂ ಹೊಣೆ ಹತ್ತಿರಕ್ಕೆ ಬರುತ್ತದೆ ಎಂಬುದು ಈ ವಿಂಗಡಣೆಯ ಹಿಂದಿರುವ ತರ್ಕ, ಮತ್ತು ಆ ತರ್ಕ ಸರಿಯಾದುದೇ. ಆದರೆ ವಾರ್ಡಿನ ಗಡಿ ಬದಲಾದಾಗ ಹಳೆಯ ವಾರ್ಡಿನ ಲೆಕ್ಕಕ್ಕೆ ಬರೆದಿದ್ದ ದೀಪ, ಮೋರಿ, ಆಟೋ, ಕೆಲಸಗಾರರ ಹಾಜರಿ ಇವೆಲ್ಲವನ್ನೂ ಹೊಸ ವಾರ್ಡಿನ ಲೆಕ್ಕಕ್ಕೆ ಬಿಡಿಸಿ ಬರೆಯಬೇಕಾಗುತ್ತದೆ. ಎರಡು ವಾರ್ಡ್‌ಗಳ ನಡುವಿನ ಬೀದಿ ಈ ಬಿಡಿಸುವಿಕೆಯಲ್ಲಿ ಯಾರ ಪಟ್ಟಿಗೂ ಸೇರದೆ ಉಳಿದುಬಿಡುವುದು ತೀರ ಸಾಮಾನ್ಯ. ನಿಮ್ಮ ಬೀದಿಗೆ ಒಂದು ದಿನ ಬಂದು ಎರಡು ದಿನ ಬಾರದ ಆಟೋದ ಹಿಂದೆ ಇಂಥ ಕಾರಣವೇ ಇರಬಹುದು, ಅದನ್ನು ಪರೀಕ್ಷಿಸುವ ದಾರಿಯನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿಗೆ ಇದು ಹೊಸ ಅನುಭವವಲ್ಲ. 1862ರಲ್ಲಿ ಪೇಟೆಗೆ ಒಂದು, ದಂಡು ಅಂದರೆ ಕಂಟೋನ್ಮೆಂಟಿಗೆ ಒಂದು ಎಂದು ಎರಡು ಪುರಸಭಾ ಮಂಡಳಿಗಳಾದವು, 1949ರಲ್ಲಿ ಅವೆರಡೂ ಸೇರಿ ಒಂದು ನಗರ ಪಾಲಿಕೆಯಾಯಿತು. 2007ರಲ್ಲಿ ಆಗಿನ ನೂರು ವಾರ್ಡ್‌ಗಳ ಮಹಾನಗರ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ನಿಮ್ಮ ಭಾಗಕ್ಕೆ ನಗರಾಡಳಿತ ಬಂದದ್ದು ಆಗಲೇ. 2007ರ ಆ ಹಸ್ತಾಂತರವನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಆದ್ದರಿಂದ ಅದರಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಗರದ ಹೊರವಲಯದ ಒಂದು ಹಳ್ಳಿಯ ಪಂಚಾಯಿತಿಯಿಂದ ದಾಖಲೆ ವಹಿಸಿಕೊಳ್ಳಲು ನಾನು ಹೋಗಿದ್ದೆ. ಒಂದು ಹಸಿರು ಟ್ರಂಕು, ಅದರೊಳಗೆ ಗೆದ್ದಲು ಹಿಡಿದ ತೆರಿಗೆಯ ಬೇಡಿಕೆ ವಹಿ, ನಡಾವಳಿ ಪುಸ್ತಕಗಳು, ರಸೀದಿ ಪುಸ್ತಕದ ಕೌಂಟರುಗಳು, ಇಷ್ಟೇ ಅಲ್ಲಿದ್ದದ್ದು. ನೀರಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ನಕ್ಷೆ ಕೇಳಿದೆ. ಅಂಥದ್ದು ಇರಲಿಲ್ಲ. ಕಾರ್ಯದರ್ಶಿಗಳು ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕರೆಸಿದರು. ಅರವತ್ತು ದಾಟಿದ ಆ ಹಿರಿಯರು ಬೆಳಗಿನಿಂದ ಮಧ್ಯಾಹ್ನದವರೆಗೆ ನನ್ನ ಜೊತೆ ನಡೆದು, ಒಂದು ಕಲ್ಲುಚಪ್ಪಡಿಯನ್ನು ಹಾರೆಯಿಂದ ಎಬ್ಬಿಸಿ ‘ಇಲ್ಲೊಂದು ವಾಲ್ವಿದೆ, ಎಡಕ್ಕೆ ಎರಡು ಸುತ್ತು ತಿರುಗಿಸಿದರೆ ಮೇಲಿನ ಕೇರಿಗೆ ಹೋಗುತ್ತದೆ, ಪೂರ್ತಿ ತಿರುಗಿಸಿದರೆ ಕೆಳಗಿನವರಿಗೆ ನೀರಿಲ್ಲ’ ಎಂದು ತೋರಿಸಿದರು. ಅಂಥ ಹದಿನೇಳು ಜಾಗಗಳನ್ನು ನಾನು ಗುರುತು ಹಾಕಿಕೊಂಡೆ. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು, ಯಾವ ಬೋರ್‌ವೆಲ್ಲಿನ ಮೋಟಾರು ಬೇಸಿಗೆಯಲ್ಲಿ ಎಷ್ಟು ಹೊತ್ತಿಗೆ ಗಾಳಿ ಎಳೆಯುತ್ತದೆ, ಇದೆಲ್ಲ ಅವರ ತಲೆಯಲ್ಲಿಯೇ ಇತ್ತು. ಹೊಸ ವ್ಯವಸ್ಥೆಯಲ್ಲಿ ಅವರ ಹುದ್ದೆಗೆ ಸರಿಯಾದ ಹೆಸರು ಸಿಗದೆ ಕೆಲವು ತಿಂಗಳು ಸಂಬಳ ತಡೆಯಾಯಿತು, ಅವರು ಬರುವುದನ್ನು ಬಿಟ್ಟರು. ಆ ಮಾರ್ಚ್‌ನಲ್ಲಿ ಕೆಳಗಿನ ಕೇರಿಗೆ ನೀರು ನಿಂತಾಗ, ಹೊಸದಾಗಿ ಬಂದ ಇಂಜಿನಿಯರ್ ಕೊಳವೆ ಹುಡುಕಲು ರಸ್ತೆಯನ್ನು ನಾಲ್ಕು ಕಡೆ ಅಗೆಸಬೇಕಾಯಿತು. ನಾನು ಗುರುತು ಹಾಕಿಕೊಂಡ ಹಾಳೆ ಬೇರೊಂದು ಕಡತದಲ್ಲಿ ಸೇರಿಹೋಗಿತ್ತು. ಅದು ನನ್ನಿಂದಲೂ ಆದ ತಪ್ಪು. ಆ ಹಿರಿಯರ ಸಂಬಳದ ವಿಷಯವನ್ನು ಆ ಹಾಳೆಯಷ್ಟೇ ಮುಖ್ಯವೆಂದು ನಾನು ಆಗ ಎಣಿಸಲಿಲ್ಲ.

ಇದನ್ನು ಹೇಳಿದ ಉದ್ದೇಶವೆಂದರೆ, ಆಡಳಿತದ ಹಸ್ತಾಂತರ ಎಂದರೆ ಕಟ್ಟಡ, ಪೀಠೋಪಕರಣ, ಬ್ಯಾಂಕ್ ಖಾತೆಗಳ ಹಸ್ತಾಂತರ ಎಂದು ಮೇಲಿನವರು ಭಾವಿಸುತ್ತಾರೆ. ಸೇವೆ ನಿಂತಿರುವುದು ನೀರುಗಂಟಿ, ಗ್ಯಾಂಗ್‌ಮನ್, ಬಿಲ್ ಕಲೆಕ್ಟರ್, ಆರೋಗ್ಯ ನಿರೀಕ್ಷಕ ಇಂಥವರ ತಿಳಿವಳಿಕೆಯ ಮೇಲೆ. ಈಗಿನ ಐದು ಪಾಲಿಕೆಗಳ ವಿಷಯದಲ್ಲಿ ಒಂದು ಅನುಕೂಲವಿದೆ. 2007ರಲ್ಲಿ ಬೇರೆ ಬೇರೆ ಪದ್ಧತಿಯ ಹಲವಾರು ಸಂಸ್ಥೆಗಳು ಒಂದಾದವು, ಈಗ ಒಂದೇ ಪದ್ಧತಿಯ ಒಂದು ಸಂಸ್ಥೆ ಐದಾಗಿದೆ. ವಹಿಗಳ ನಮೂನೆ ಒಂದೇ, ತೆರಿಗೆಯ ತಂತ್ರಾಂಶ ಒಂದೇ. ಆದ್ದರಿಂದ ಈ ಸಲ ಹಸ್ತಾಂತರಕ್ಕೆ ವರ್ಷಗಟ್ಟಲೆ ಬೇಕು ಎನ್ನಲು ಕಾರಣ ಕಡಿಮೆ.

ಇನ್ನು ಸೇವೆಗಳ ಕ್ರಮಕ್ಕೆ ಬರುತ್ತೇನೆ. ಮೊದಲ ತಿಂಗಳ ಕೆಲಸ ಕಸ. ಊರಿನ ಎಲ್ಲ ಸೇವೆಗಳಲ್ಲಿ ಮೂರು ದಿನ ತಪ್ಪಿದರೆ ಮೂಗಿಗೆ ತಿಳಿಯುವುದು ಇದೊಂದೇ. ಬೆಂಗಳೂರಿನಲ್ಲಿ ಸುಮಾರು ಏಳೆಂಟು ನೂರು ಮನೆಗಳಿಗೆ ಒಂದು ಆಟೋ ಟಿಪ್ಪರ್ ಎಂಬುದು ರೂಢಿಯ ಲೆಕ್ಕ. ಆಟೋ ಬೆಳಿಗ್ಗೆ ಮನೆ ಮನೆಯಿಂದ ಹಸಿ ಕಸ, ಒಣ ಕಸ ಪಡೆದು, ಕಸವನ್ನು ಒತ್ತಿ ತುಂಬುವ ದೊಡ್ಡ ಲಾರಿಯಾದ ಕಾಂಪ್ಯಾಕ್ಟರ್ ನಿಲ್ಲುವ ಜಾಗಕ್ಕೆ ಹೋಗಬೇಕು. ಕಾಂಪ್ಯಾಕ್ಟರ್ ತಡವಾದರೆ ಆಟೋಗಳು ಅಲ್ಲಿಯೇ ಸಾಲುಗಟ್ಟಿ ನಿಲ್ಲುತ್ತವೆ, ಎರಡನೆಯ ಸುತ್ತು ತಪ್ಪುತ್ತದೆ. ಎರಡನೆಯ ಸುತ್ತಿನ ಬೀದಿಯವರು ಕಸವನ್ನು ಖಾಲಿ ನಿವೇಶನದ ಮೂಲೆಗೆ ಹಾಕುತ್ತಾರೆ, ಅಲ್ಲೊಂದು ಬ್ಲಾಕ್ ಸ್ಪಾಟ್ ಹುಟ್ಟುತ್ತದೆ. ನಿಮ್ಮ ಬೀದಿಗೆ ಆಟೋ ಎರಡು ದಿನ ತಪ್ಪುವುದನ್ನು ಚಾಲಕರ ಸೋಮಾರಿತನ ಎಂದು ಭಾವಿಸುವ ಮೊದಲು ನಿಮ್ಮ ಬೀದಿ ಮೊದಲ ಸುತ್ತಿನಲ್ಲಿದೆಯೋ ಎರಡನೆಯದರಲ್ಲಿದೆಯೋ, ಆ ಆಟೋಗೆ ಹಚ್ಚಿರುವ ಮನೆಗಳೆಷ್ಟು ಎಂದು ಕೇಳಿ ನೋಡಿ. ಹೊಸ ವಾರ್ಡ್ ಗಡಿಯಿಂದ ಒಂದು ಆಟೋಗೆ ಸಾವಿರಕ್ಕೂ ಹೆಚ್ಚು ಮನೆ, ಪಕ್ಕದ ಆಟೋಗೆ ಐನೂರು ಎಂದು ಹಂಚಿಕೆಯಾಗಿದ್ದರೆ, ಅದನ್ನು ಸರಿಪಡಿಸಲು ಟೆಂಡರ್ ಬೇಡ, ಹಣ ಬೇಡ, ಒಂದು ಆದೇಶ ಸಾಕು.

ಕಸ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಕಷ್ಟದ ಪ್ರಶ್ನೆ. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಭರ್ತಿ ಪ್ರದೇಶ ಮುಚ್ಚಿತು, ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿ 2014ರ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು. ಮಂಡೂರು ನಿಮ್ಮ ಪೂರ್ವ ದಿಕ್ಕಿನ ಊರೇ ಆದುದರಿಂದ ನಿಮಗೆ ನೆನಪಿರಬಹುದು. ಬೇರೆಯವರ ಊರಿನಲ್ಲಿ ತನ್ನ ಕಸ ಸುರಿಯುವ ಹಕ್ಕು ಯಾವ ನಗರಕ್ಕೂ ಇಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಘನತ್ಯಾಜ್ಯಕ್ಕೆಂದು 2021ರಲ್ಲಿ ಇಡೀ ನಗರಕ್ಕೆ ಒಂದೇ ಕಂಪನಿ ಸ್ಥಾಪನೆಯಾಯಿತು. ಐದು ಪಾಲಿಕೆಗಳಾದ ಮೇಲೂ ಕಸದ ಅಂತಿಮ ವಿಲೇವಾರಿಯನ್ನು ಐದಾಗಿ ಒಡೆಯಲು ಬರುವುದಿಲ್ಲ, ಏಕೆಂದರೆ ಕೇಂದ್ರ ಪಾಲಿಕೆಯ ಗಡಿಯೊಳಗೆ ಅಂಥ ಘಟಕಕ್ಕೆ ಜಾಗವೇ ಇಲ್ಲ. ಬೀದಿ ಗುಡಿಸುವವರನ್ನು ಮಾತ್ರ ಮರೆಯಬಾರದು. ದಶಕಗಳ ಕಾಲ ಗುತ್ತಿಗೆಯಲ್ಲಿ ದುಡಿದ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ 2025ರ ಮೇ 1ರಂದು ಕಾಯಂ ನೇಮಕಾತಿಯ ಪತ್ರ ಸಿಕ್ಕಿತು. ನಾಲ್ಕೇ ತಿಂಗಳಲ್ಲಿ ಅವರ ಸಂಸ್ಥೆ ಐದಾಯಿತು. ಹೊಸ ಪಾಲಿಕೆ ಯಾವ ಬಿಲ್ಲು ತಡೆದರೂ ಅವರ ಸಂಬಳವನ್ನು ತಡೆಯಕೂಡದು.

ಸಂಬಳದ ಮಾತು ಬಂದಾಗ ದೆಹಲಿಯ ಉದಾಹರಣೆಯನ್ನು ನೋಡಲೇಬೇಕು. ದೆಹಲಿ ನಗರ ನಿಗಮವನ್ನು 2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಮಾಡಿದರು. ದಕ್ಷಿಣಕ್ಕೆ ಶ್ರೀಮಂತ ಬಡಾವಣೆಗಳ ತೆರಿಗೆ ಸಿಕ್ಕಿತು, ಪೂರ್ವಕ್ಕೆ ಜನದಟ್ಟಣೆಯೂ ತೆಳು ಆದಾಯವೂ ಸಿಕ್ಕಿದವು. ಕೆಲವೇ ವರ್ಷಗಳಲ್ಲಿ ಪೂರ್ವ ದೆಹಲಿಯ ಸಫಾಯಿ ಕಾರ್ಮಿಕರು ಬಾಕಿ ಸಂಬಳಕ್ಕಾಗಿ ಮತ್ತೆ ಮತ್ತೆ ಮುಷ್ಕರ ಮಾಡಿದರು, ಕಸ ರಸ್ತೆಗೆ ಬಂದಿತು. 2022ರಲ್ಲಿ ಮೂರನ್ನೂ ಮತ್ತೆ ಒಂದು ಮಾಡಬೇಕಾಯಿತು. ಸೇವೆಯ ಹೊಣೆಯನ್ನು ಹಂಚಿದರೆ ಸಾಲದು, ಆದಾಯವನ್ನೂ ಅಗತ್ಯಕ್ಕೆ ತಕ್ಕಂತೆ ಹಂಚಬೇಕು. ಬೆಂಗಳೂರಿನಲ್ಲಿ ಚಿತ್ರ ಸ್ವಲ್ಪ ತಿರುಗುಮುರುಗಾಗಿದೆ. ವೈಟ್‌ಫೀಲ್ಡ್, ಹೊರ ವರ್ತುಲ ರಸ್ತೆಯ ಕಂಪನಿ ಕಟ್ಟಡಗಳಿರುವ ಮಹದೇವಪುರ ವಲಯ ಹಳೆಯ ಪಾಲಿಕೆಯಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಕೊಡುತ್ತಿದ್ದ ವಲಯ. ಆ ಆದಾಯದ ಬಹುಪಾಲು ಈಗ ನಿಮ್ಮ ಪೂರ್ವ ಪಾಲಿಕೆಗೆ ಸೇರಿದೆ. ಆದ್ದರಿಂದ ನಿಮ್ಮ ಬೀದಿಯ ಐದು ದೀಪಗಳಿಗೆ ಹಣವಿಲ್ಲ ಎಂಬ ಉತ್ತರವನ್ನು ಯಾರಾದರೂ ಕೊಟ್ಟರೆ, ದಯವಿಟ್ಟು ಅದನ್ನು ಬರಹದಲ್ಲಿ ಕೊಡಿ ಎಂದು ಕೇಳಿ. 112 ವಾರ್ಡ್‌ಗಳ ಪಶ್ಚಿಮಕ್ಕೆ ಹಣದ ಚಿಂತೆ ಹೆಚ್ಚು, ನಿಮಗೆ ಕೆಲಸದ ಬಾಕಿಯ ಚಿಂತೆ ಹೆಚ್ಚು.

ಆಸ್ತಿ ತೆರಿಗೆಯ ವಹಿಯನ್ನು ಕೆಲವರು ವಸೂಲಿಯ ಸಾಧನ ಎಂದು ಮಾತ್ರ ನೋಡುತ್ತಾರೆ. ಎಲ್ಲಿ ಎಷ್ಟು ಮನೆಗಳಿವೆ ಎಂದು ಪಾಲಿಕೆಗೆ ತಿಳಿಸುವ ಮೊದಲ ದಾಖಲೆಯೂ ಅದೇ. ಕಂದಾಯ ನಿವೇಶನಗಳಲ್ಲಿ, ಅಂದರೆ ಬಡಾವಣೆಯ ಮಂಜೂರಾತಿಯಿಲ್ಲದ ಜಮೀನಿನಲ್ಲಿ, ಎದ್ದ ಬಡಾವಣೆಗಳು ಬಹುಕಾಲ ಇಂಥ ಆಸ್ತಿಗಳಿಗೆಂದೇ ಇಟ್ಟ ಬಿ ಖಾತಾ ವಹಿಯಲ್ಲಿಯೇ ಉಳಿದವು, ತೆರಿಗೆ ಕಟ್ಟುತ್ತಿದ್ದರೂ ಅವುಗಳ ರಸ್ತೆಗಳು ಪಾಲಿಕೆಯ ರಸ್ತೆಗಳ ಪಟ್ಟಿಗೆ ಸೇರಲಿಲ್ಲ. ಪಟ್ಟಿಯಲ್ಲಿಲ್ಲದ ರಸ್ತೆಗೆ ಅಂದಾಜುಪಟ್ಟಿ ತಯಾರಾಗುವುದಿಲ್ಲ, ಅಂದಾಜುಪಟ್ಟಿಯಿಲ್ಲದೆ ಕಾಮಗಾರಿ ಇಲ್ಲ. ನಿಮ್ಮ ಚರಂಡಿ ಅರ್ಧಕ್ಕೆ ನಿಂತಿರುವ ಜಾಗದಲ್ಲಿ ನಿಮ್ಮ ಬಡಾವಣೆಯ ಹಂತವೋ, ಸರ್ವೆ ನಂಬರೋ ಬದಲಾಗುತ್ತದೆಯೇ ಎಂದು ನೋಡಿ. ಹಾಗಿದ್ದರೆ ಚರಂಡಿ ನಿಂತಿರುವುದು ಹಣ ತೀರಿದ್ದರಿಂದ ಇರಲಾರದು, ಮುಂದಿನ ಭಾಗ ಯಾವ ಪಟ್ಟಿಯಲ್ಲಿಯೂ ಇಲ್ಲದಿರುವುದರಿಂದ ಇರಬಹುದು. ಆಗ ನೀವು ಕೇಳಬೇಕಾದದ್ದು ಚರಂಡಿಯ ಕಾಮಗಾರಿಗಿಂತ ಮೊದಲು, ಆ ರಸ್ತೆಯನ್ನು ಪಾಲಿಕೆಯ ರಸ್ತೆ ವಹಿಗೆ ಸೇರಿಸುವುದನ್ನು. ಪಟ್ಟಿಯಲ್ಲಿದ್ದೂ ನಿಂತಿದ್ದರೆ, ಹಳೆಯ ಪಾಲಿಕೆಯಲ್ಲಿ ಮಂಜೂರಾದ ಆ ಕಾಮಗಾರಿಯ ಅಳತೆ ಪುಸ್ತಕ ಯಾರ ಬಳಿಯಿದೆ ಎಂದು ವಿಚಾರಿಸಿ. ಎಷ್ಟು ಮೀಟರ್ ಕೆಲಸಕ್ಕೆ ಬಿಲ್ಲಾಗಿದೆ ಎಂಬುದು ಆ ಪುಸ್ತಕದಲ್ಲಿರುತ್ತದೆ, ಅದನ್ನು ಟೇಪು ಹಿಡಿದು ಅಳೆದರೆ ಉಳಿದ ಮಾತು ತಾನಾಗಿಯೇ ಹೊರಬರುತ್ತದೆ.

ಮನೆ ಮುಂದಿನ ಚರಂಡಿ ಪಾಲಿಕೆಯ ಕೆಲಸ. ಅದು ಹೋಗಿ ಸೇರುವ ರಾಜಕಾಲುವೆ ಯಾವ ಪಾಲಿಕೆಯ ಗಡಿಯನ್ನೂ ಬಲ್ಲದು. ಈ ವಿಷಯದಲ್ಲಿ ವರ್ತೂರಿನವರಾದ ನಿಮಗೆ ಉಳಿದ ಬೆಂಗಳೂರಿಗಿಂತ ಹೆಚ್ಚು ಹೇಳುವ ಅಧಿಕಾರವಿದೆ. ಮೆಜೆಸ್ಟಿಕ್ ಬಳಿ ಹೊರಡುವ ಕಾಲುವೆ ಶಾಂತಿನಗರ, ಕೋರಮಂಗಲಗಳನ್ನು ಹಾದು ಬೆಳ್ಳಂದೂರು ಕೆರೆಗೆ ಬೀಳುತ್ತದೆ. ಬೆಳ್ಳಂದೂರಿನ ಕೋಡಿ ವರ್ತೂರು ಕೆರೆಗೆ, ವರ್ತೂರಿನ ಕೋಡಿ ದಕ್ಷಿಣ ಪಿನಾಕಿನಿಗೆ. ಅಂದರೆ ನೀರು ಕೇಂದ್ರ ಪಾಲಿಕೆಯಲ್ಲಿ ಹುಟ್ಟಿ, ದಕ್ಷಿಣ ಪಾಲಿಕೆಯ ಸೀಮೆಯಲ್ಲಿ ಹರಿದು, ಪೂರ್ವ ಪಾಲಿಕೆಯ ಕೆರೆಗಳಲ್ಲಿ ನಿಲ್ಲುತ್ತದೆ. ಮೇಲಿನ ಪಾಲಿಕೆ ತನ್ನ ಕಾಲುವೆಯನ್ನು ಅಗಲ ಮಾಡಿ, ಗೋಡೆ ಕಟ್ಟಿ, ನೀರು ಬೇಗ ಹರಿಯುವಂತೆ ಮಾಡಿಕೊಂಡರೆ ಅದರ ಬೀದಿಗಳು ಒಣಗುತ್ತವೆ, ಕೆಳಗಿನವರಿಗೆ ಅದೇ ನೀರು ಮೊದಲಿಗಿಂತ ಬೇಗ, ಒಮ್ಮೆಲೇ ಬಂದು ಬೀಳುತ್ತದೆ. 2015ರಲ್ಲಿ ವರ್ತೂರಿನ ಕೋಡಿಯಲ್ಲಿ ಎದ್ದ ನೊರೆ ರಸ್ತೆಗೆ ಹಾರಿ ಬಂದದ್ದು, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು, 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಜನ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದದ್ದು, ಇವು ಮೂರೂ ಇದೇ ಕಣಿವೆಯ ಕಥೆ. ಕೋಡಿಯ ಪಕ್ಕದ ಮನೆಯೊಂದರಲ್ಲಿ ಆ ದಿನಗಳಲ್ಲಿ ನಾನು ಕಂಡದ್ದು ಇನ್ನೂ ಕಣ್ಣಿನಲ್ಲಿದೆ. ಒಬ್ಬ ತಾಯಿ ಮಗುವಿನ ಸಮವಸ್ತ್ರವನ್ನು ಅಂಗಳದಲ್ಲಿ ಒಣಗಿಸಲಾಗದೆ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದರು, ಗಾಳಿ ಬೀಸಿದಾಗಲೆಲ್ಲ ನೊರೆಯ ಉಂಡೆ ಹೊಸಿಲಿನವರೆಗೆ ಬರುತ್ತಿತ್ತು.

ಆದ್ದರಿಂದ ರಾಜಕಾಲುವೆಗಳ ವಿಷಯವನ್ನು ಐದು ಪಾಲಿಕೆಗಳು ತಮ್ಮ ತಮ್ಮ ಗಡಿಯಲ್ಲಿ ನಿಂತು ನೋಡಿದರೆ ಆಗದು. ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂದು ಕಣಿವೆಯನ್ನೇ ಘಟಕವಾಗಿ ಹಿಡಿದು, ಪ್ರಾಧಿಕಾರದ ಮಟ್ಟದಲ್ಲಿ ಒಬ್ಬರೇ ಮುಖ್ಯ ಇಂಜಿನಿಯರಿಗೆ ಒಂದು ಕಣಿವೆಯ ಪೂರ್ಣ ಹೊಣೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಹೂಳು ತೆಗೆಯುವ ಕೆಲಸವೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಕೋಡಿ, ಆಮೇಲೆ ಕಾಲುವೆ, ಕೊನೆಗೆ ಬೀದಿಯ ಮೋರಿ. ಮೇಲಿನಿಂದ ತೆಗೆಯುತ್ತ ಬಂದರೆ ಹೂಳು ಕೆಳಗಿನವರ ಪಾಲಾಗುತ್ತದೆ. ಮಳೆಗಾಲ ಜೂನ್‌ನಿಂದ ಎಂದುಕೊಂಡರೂ ಬೆಂಗಳೂರಿನಲ್ಲಿ ಜೋರು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಮೇ ತಿಂಗಳಲ್ಲಿ ಒಮ್ಮೆ ಹೂಳು ತೆಗೆದು ಬಿಲ್ಲು ಬರೆದರೆ ಸಾಲದು, ಆಗಸ್ಟ್‌ನಲ್ಲಿ ಎರಡನೆಯ ಸಲ ನೋಡಬೇಕು.

ನೀರು ಮತ್ತು ಒಳಚರಂಡಿ ಪಾಲಿಕೆಯ ಕೈಯಲ್ಲಿಲ್ಲ, 1964ರಿಂದ ಜಲಮಂಡಳಿಯ ಕೈಯಲ್ಲಿವೆ. ನಿಮ್ಮಂಥ 110 ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ, ನೀರು ಬಂದದ್ದು ಹದಿನೇಳು ವರ್ಷಗಳ ಮೇಲೆ ಎಂಬುದನ್ನು ಗಮನಿಸಿ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡ 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಇಂಜಿನಿಯರುಗಳು ಹಿಡಿಯುವ ಲೆಕ್ಕ. ಆ ಲೆಕ್ಕದಂತೆ ಈ ಹೊಸ ನೀರು ಪೂರ್ತಿಯಾಗಿ ಬಳಕೆಗೆ ಬಂದಾಗ ದಿನಕ್ಕೆ ಸುಮಾರು 62 ಕೋಟಿ ಲೀಟರ್ ಕೊಳಚೆಗೆ ದಾರಿ ಬೇಕು. ಒಳಚರಂಡಿ ಮುಟ್ಟದ ಬೀದಿಗೆ ನಲ್ಲಿ ಮಾತ್ರ ಮುಟ್ಟಿದರೆ ಆ ಕೊಳಚೆ ಮಳೆನೀರಿನ ಚರಂಡಿಗೆ, ಅಲ್ಲಿಂದ ನಿಮ್ಮ ಕೆರೆಗೆ ಹೋಗುತ್ತದೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಸುಮಾರಿಗೆ ರೂಪುಗೊಂಡಾಗ ಮನೆಗಳ ಹಿಂದೆ ಮಲ ಸಾಗಿಸುವ ಸಣ್ಣ ಓಣಿಗಳನ್ನು ಮೊದಲೇ ಬಿಟ್ಟಿದ್ದರು, ಅವು ಇಂದಿಗೂ ಕಾಣಸಿಗುತ್ತವೆ. ನಿಮ್ಮ ಕಡೆ ಮನೆಗಳು ಮೊದಲು ಬಂದವು, ದಾರಿಯನ್ನು ಈಗ ಹುಡುಕುತ್ತಿದ್ದೇವೆ. ಹೊಸ ಪಾಲಿಕೆ ಈ ವಿಷಯದಲ್ಲಿ ಮಾಡಬಹುದಾದ ಒಂದು ಕೆಲಸವೆಂದರೆ ಜಲಮಂಡಳಿಯ ಕೊಳವೆ ಮುಗಿಯುವವರೆಗೆ ಆ ಬೀದಿಗೆ ಡಾಂಬರು ಹಾಕದಿರುವುದು. ಇಬ್ಬರೂ ಒಂದೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತರೆ, ಹಾಕಿದ ಡಾಂಬರನ್ನು ಮತ್ತೆ ಅಗೆಯುವ ಖರ್ಚಾದರೂ ಉಳಿಯುತ್ತದೆ.

ಜನನ ಮರಣ ನೋಂದಣಿಯ ಬಗ್ಗೆ ಎರಡು ಮಾತು, ಏಕೆಂದರೆ ಐದು ಪಾಲಿಕೆಗಳಾದ ಮೇಲೆ ಜನ ಇದರಲ್ಲಿ ಗೊಂದಲಗೊಳ್ಳುತ್ತಿದ್ದಾರೆ. ನೋಂದಣಿಯಾಗುವುದು ಘಟನೆ ನಡೆದ ಸ್ಥಳದಲ್ಲಿ, ಮನೆಯಿರುವ ಸ್ಥಳದಲ್ಲಲ್ಲ. ವರ್ತೂರಿನ ಸೊಸೆಗೆ ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಗುವಿನ ಜನನ ಆ ಪ್ರದೇಶದ ನೋಂದಣಿಗೆ ಸೇರುತ್ತದೆ. ಆಸ್ಪತ್ರೆಯಲ್ಲಿ ಆದ ಜನನವನ್ನು 21 ದಿನಗಳೊಳಗೆ ತಿಳಿಸುವ ಹೊಣೆ ಆಸ್ಪತ್ರೆಯದು.

ಇಷ್ಟೆಲ್ಲ ಸೇವೆಗಳನ್ನು ಅಧಿಕಾರಿಗಳೇ ನೋಡಿಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾನೂ ಅಧಿಕಾರಿಯಾಗಿದ್ದವನೇ, ಆದ್ದರಿಂದ ಸಂಕೋಚವಿಲ್ಲದೆ ಹೇಳುತ್ತೇನೆ, ಸಾಲದು. 2007ರಲ್ಲಿ ಪಾಲಿಕೆ ರಚನೆಯಾಗಿ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿಯಿತು, ಐದು ಪಾಲಿಕೆಗಳು ಹುಟ್ಟಿದಾಗಲೂ ಸದಸ್ಯರಿರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದೂ ಹೇಳುತ್ತದೆ. ಅಧಿಕಾರಿಗೆ ವರ್ಗಾವಣೆಯಿದೆ. ಅರ್ಧಕ್ಕೆ ನಿಂತ ಚರಂಡಿಯನ್ನು ಪ್ರತಿದಿನ ದಾಟಿಕೊಂಡು ಮನೆಗೆ ಹೋಗುವ ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ನಿಂತು ಕೇಳುವ ಪ್ರಶ್ನೆಗೆ ಇರುವ ಬಲ ನನ್ನ ಹತ್ತು ಟಿಪ್ಪಣಿಗಳಿಗೆ ಇರಲಿಲ್ಲ.

ಈಗ ನಿಮ್ಮ ಐದು ದೀಪಗಳು. ಸಾಮಾನ್ಯವಾಗಿ ಕಂಬ ವಿದ್ಯುತ್ ಪೂರೈಸುವ ಬೆಸ್ಕಾಂನದು, ದೀಪ ಪಾಲಿಕೆಯದು. ಈ ಒಂದು ವಿಂಗಡಣೆಯಿಂದಲೇ ಅರ್ಧ ದೂರುಗಳು ಎರಡು ಕಚೇರಿಗಳ ನಡುವೆ ಅಲೆಯುತ್ತವೆ. ಒಂದು ಸಂಜೆ ಏಳು ಗಂಟೆಗೆ ಮನೆಯಿಂದ ಹೊರಬಂದು ಎಂಟೂ ಕಂಬಗಳ ಸಂಖ್ಯೆಯನ್ನು ಬರೆದುಕೊಳ್ಳಿ, ಕಂಬದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಕೆಟ್ಟ ಐದೂ ಒಂದೇ ಸಾಲಿನಲ್ಲಿದ್ದರೆ ದೋಷ ತಂತಿಯಲ್ಲಿಯೋ, ದೀಪಗಳಿಗೆ ವಿದ್ಯುತ್ ಕೊಡುವ ಸ್ವಿಚ್ ಪೆಟ್ಟಿಗೆಯಲ್ಲಿಯೋ ಇರುವ ಸಂಭವ ಹೆಚ್ಚು. ತಂತಿ ತುಂಡಾಗಿದ್ದರೆ ಬೆಸ್ಕಾಂನ 1912ಕ್ಕೆ ತಿಳಿಸಿ. ಬಿಡಿ ಬಿಡಿಯಾಗಿ ಕೆಟ್ಟಿದ್ದರೆ ದೀಪಗಳದೇ ದೋಷ, ಪಾಲಿಕೆಯ 1533ಕ್ಕೆ ಪ್ರತಿ ಕಂಬಕ್ಕೂ ಪ್ರತ್ಯೇಕ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಒಂದೇ ದೂರಿನಲ್ಲಿ ಐದನ್ನೂ ಬರೆದರೆ ಒಂದನ್ನು ಸರಿಪಡಿಸಿ ದೂರು ಮುಗಿಸಿಬಿಡುವುದುಂಟು. ಆಮೇಲೆ ವಾರ್ಡಿನ ವಿದ್ಯುತ್ ವಿಭಾಗದ ಇಂಜಿನಿಯರ್ ಅವರನ್ನು ಕಂಡು, ಅವರ ಹೊಸ ವಾರ್ಡಿನ ದೀಪಗಳ ಪಟ್ಟಿಯಲ್ಲಿ ಈ ಎಂಟು ಸಂಖ್ಯೆಗಳಿವೆಯೇ ಎಂದು ನಿಮ್ಮ ಎದುರೇ ನೋಡಲು ವಿನಂತಿಸಿ. ಇಲ್ಲದಿದ್ದರೆ ಸೇರಿಸುವಂತೆ ಒಂದು ಪತ್ರ ಕೊಟ್ಟು, ಅದರ ನಕಲಿನ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡು ಬನ್ನಿ.